ಹಿಡಿ ಜೋಳದ ಶಾಲೆ

ಧರ್ಮಶಾಲೆಯೆಂದರೆ ದಾರಿಹೋಕರು ಒಂದು ರಾತ್ರಿ ತಂಗಿ ಹೋಗುವ ಸ್ಥಳ. ಧರ್ಮದ ಶಾಲೆಯೆಂದರೆ ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ಅಕ್ಷರ ಕಲಿಸುವ ಸ್ಥಳ. ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ ಹದಿನೆಂಟು ವರ್ಷ ನಾನು ನಡೆಸಿದ್ದು ಎರಡನೆಯದನ್ನು. ಕಟ್ಟಕಡೆಗೆ ಅದು ಹೆಚ್ಚುಕಡಮೆ ಮೊದಲನೆಯದೇ ಆಯಿತು. ಅದು ಹೇಗಾಯಿತೆಂಬುದನ್ನು ಹೇಳಲು ಹೊರಟಿದ್ದೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ನಾಚಿಕೆಪಡಬೇಕಾದ ಸಂಗತಿಯೊಂದು ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನಾನು ಹುಟ್ಟಿದ್ದು ಹೊನ್ನಾಳಿಯ ಕಡೆ, ತುಂಗಭದ್ರೆಯ ದಂಡೆಯಲ್ಲಿ. ಹೊಳೆ ಕಂಡು ಬೆಳೆದವನಿಗೆ ಜಗಳೂರಿನ ಬಯಲು ಬೇರೆ ದೇಶದಂತೆಯೇ ತೋರಿತು. ಕೆಂಪು ನೆಲ, ಕಲ್ಲುಗುಡ್ಡ, ಜಾಲಿ, ಮಳೆ ಬಂದರೆ ಜೋಳ, ರಾಗಿ, ಶೇಂಗಾ, ಬಾರದಿದ್ದರೆ ಗುಳೆ. 1986ರಲ್ಲಿ ನಾನು ಅಲ್ಲಿಗೆ ಹೋದಾಗ ಆ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಸರ್ಕಾರಿ ಶಾಲೆ ಇದ್ದದ್ದು ಪಕ್ಕದ ಊರಿನಲ್ಲಿ, ನಡುವೆ ಒಂದು ಹಳ್ಳ. ಹಳ್ಳದಲ್ಲಿ ನೀರಿದ್ದದ್ದು ವರ್ಷಕ್ಕೆ ಹತ್ತು ದಿನವಾದರೂ ಹೆಣ್ಣುಮಕ್ಕಳನ್ನು ಕಳಿಸದಿರಲು ಅಷ್ಟೇ ನೆಪ ಸಾಕಾಗಿತ್ತು. ಊರಿನ ನಾಲ್ವರು ಹಿರಿಯರೂ ದಾವಣಗೆರೆಯ ಒಬ್ಬಿಬ್ಬರು ವರ್ತಕರೂ ಸೇರಿ ಒಂದು ಸಮಿತಿ ಮಾಡಿದರು. ತರಬೇತಿ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಮುಖ್ಯೋಪಾಧ್ಯಾಯ, ಕಾರ್ಯದರ್ಶಿ, ಗುಮಾಸ್ತ, ಜವಾನ ಎಲ್ಲವನ್ನೂ ಒಂದೇ ಸಂಬಳಕ್ಕೆ ಮಾಡಿದರು. ಈಶ್ವರನ ಗುಡಿಯ ಜಗಲಿಯ ಮೇಲೆ ಮೂವತ್ತೊಂದು ಮಕ್ಕಳಿಂದ ಶಾಲೆ ಆರಂಭವಾಯಿತು.

ಊರೇ ಮೇಷ್ಟ್ರನ್ನು ಸಾಕುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕೂಲಿಮಠಗಳು ನಡೆದದ್ದೇ ಹಾಗೆ; ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಅಯ್ಯನವರಿಗೆ ಮನೆಮನೆಯಿಂದ ಕಾಳುಕಡಿ ಬರುತ್ತಿತ್ತು. 1868ರಲ್ಲಿ ಬಿ. ಎಲ್. ರೈಸ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಹೋಬಳಿ ಶಾಲೆಗಳ ಯೋಜನೆ ಬಂತು. ಪ್ರಾಥಮಿಕ ವಿದ್ಯಾಭ್ಯಾಸ ಕಡ್ಡಾಯವೆಂಬ ಮಾತು ಸಂಸ್ಥಾನದ ಕಾಯಿದೆಗೆ ಸೇರಿದ್ದು 1913ರಲ್ಲಿ. ಎಪ್ಪತ್ತು ವರ್ಷ ಕಳೆದಮೇಲೂ ನಮ್ಮ ಹಳ್ಳಿಯ ಮಟ್ಟಿಗೆ ಅದು ಕಾಗದದ ಮಾತೇ ಆಗಿತ್ತು. ಇದೇ ಜಗಳೂರಿನಲ್ಲಿ 1950ರಲ್ಲಿ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಮೊದಲ ತರಳಬಾಳು ಹುಣ್ಣಿಮೆಯನ್ನು ನಡೆಸಿದರು. ಹಳ್ಳಿಗಾಡಿನಲ್ಲಿ ಶಾಲೆ, ವಿದ್ಯಾರ್ಥಿನಿಲಯಗಳನ್ನು ಅವರು ತೆರೆದದ್ದನ್ನು ಈ ಸೀಮೆಯವರೆಲ್ಲ ಬಲ್ಲರು. ಮಠದ ಬಲವಿದ್ದ ಶಾಲೆಗಳ ಮಾತು ಬೇರೆ. ನಮಗೆ ಮಠವಿರಲಿಲ್ಲ, ಗಡಿಗೆಯಿತ್ತು.

ಗಡಿಗೆಯ ಏರ್ಪಾಡು ಇಷ್ಟೆ. ಮನೆಗೊಂದು ಪುಟ್ಟ ಮಣ್ಣಿನ ಗಡಿಗೆ ಕೊಟ್ಟಿದ್ದೆವು. ಹಿಟ್ಟಿಗೆ ಜೋಳ ತೆಗೆಯುವಾಗ ಮನೆಯಾಕೆ ಒಂದು ಹಿಡಿಯನ್ನು ಅದಕ್ಕೆ ಹಾಕಬೇಕು. ಸೋಮವಾರ ದೊಡ್ಡ ಹುಡುಗರು ಚೀಲ ಹಿಡಿದು ಹೋಗಿ ತರಬೇಕು. ಬಂದ ಕಾಳನ್ನು ಸಂತೆಯಲ್ಲಿ ಮಾರಿದರೆ ಸಹೋಪಾಧ್ಯಾಯರ ಅರ್ಧ ಸಂಬಳಕ್ಕಾಗುತ್ತಿತ್ತು. ಮೊದಲ ವರ್ಷ ನಾವು ಕೂಲಿನಾಲಿ ಮಾಡುವವರ ಮನೆಗಳನ್ನು ಬಿಟ್ಟು ಉಳಿದವರಿಗೆ ಮಾತ್ರ ಗಡಿಗೆ ಹಂಚಿದೆವು. ಅವರ ಕಷ್ಟ ನೋಡಿ ಬಿಟ್ಟದ್ದು, ಒಳ್ಳೆಯ ಬುದ್ಧಿಯಿಂದಲೇ. ಒಂದು ಸಂಜೆ ಊರಾಚೆಯ ಕೇರಿಯಿಂದ ಒಬ್ಬ ಹೆಂಗಸು ಬಂದು ಜಗಲಿಯ ಕೆಳಗೆ ನಿಂತಳು.

“ನಮ್ಮನೀಗ್ಯಾಕೆ ಗಡಿಗೆ ಕೊಡ್ಲಿಲ್ಲ ಸ್ವಾಮಿ?”

“ನಿಮಗೇ ಸಾಲದಲ್ಲಮ್ಮ, ಅದಕ್ಕೆ.”

“ಸಾಲ್ದು ಅನ್ನಾದು ನಮಗೆ ಗೊತ್ತೈತಿ. ಗಡಿಗೆ ಇಲ್ದಿದ್ರೆ ನನ್ನ ಮಗ ಅಲ್ಲಿ ಯಾರ ಋಣದಾಗೆ ಕೂತ್ಕಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಕುಂಬಾರರಿಗೆ ಇನ್ನಷ್ಟು ಗಡಿಗೆ ಹೇಳಿದೆವು. ಆ ಮನೆಯ ಗಡಿಗೆ ಕೆಲವು ಸೋಮವಾರ ಬರಿದಾಗಿಯೇ ಬಂದದ್ದುಂಟು. ಆದರೆ ಹೊರಗೆ ಇಟ್ಟಿರದ ದಿನವಿಲ್ಲ.

ಹಿಡಿ ಜೋಳದಿಂದ ಶಾಲೆ ಪೂರ್ತಿ ನಡೆಯುವುದಿಲ್ಲವಷ್ಟೆ. ವರ್ಷಕ್ಕೊಮ್ಮೆ, ಸುಗ್ಗಿಯ ನಂತರ, ರಸೀತಿ ಪುಸ್ತಕ ಹಿಡಿದು ನೀರಾವರಿ ಸೀಮೆಗೆ ಚಂದಾ ಎತ್ತಲು ಹೊರಡುತ್ತಿದ್ದೆ. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿಯ ಕಡೆ ಅಡಕೆ ತೋಟದ ಶ್ರೀಮಂತರು. ಸೂಳೆಕೆರೆಯ ಕೆಳಗಿನ ಭತ್ತದ ಗದ್ದೆಯವರು. ಹೊನ್ನಾಳಿ, ನ್ಯಾಮತಿಯ ವರ್ತಕರು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಬೇರೆ ತಾಲ್ಲೂಕಾದದ್ದು ಬಹಳ ಈಚೆಗೆ. ಜಗಳೂರಿನಿಂದ ಹೊರಟು ಬಸ್ಸಿನಲ್ಲಿ ಅರ್ಧ ದಿನ ಕುಳಿತರೆ ಕಣ್ಣ ಮುಂದೆ ನೆಲದ ಬಣ್ಣವೇ ಬದಲಾಗುತ್ತಿತ್ತು. ಎಲ್ಲ ಕಡೆಯೂ ಊಟ ಹಾಕಿದರು, ಗೌರವದಿಂದ ಕಂಡರು. ಆದರೆ ಒಂದು ವಿಚಿತ್ರ. ಶಾಲೆಗೆ ಏನು ಬೇಕೆಂದು ಕೇಳಿದವರಿಗೆ ‘ಮೇಷ್ಟ್ರ ಸಂಬಳ’ ಎಂದರೆ ಮುಖ ಸಣ್ಣದಾಗುತ್ತಿತ್ತು. ಚನ್ನಗಿರಿ ಕಡೆಯ ಒಬ್ಬ ಯಜಮಾನರು ಬಾಯಿಬಿಟ್ಟೇ ಹೇಳಿದರು: “ಕೋಣೆ ಕಟ್ಟಿಸಿಕೊಡ್ತೀನಿ ಮೇಷ್ಟ್ರೇ, ನಮ್ಮಪ್ಪನ ಹೆಸರು ಹಾಕ್ಸಿ. ಸಂಬಳ ಅಂದ್ರೆ ತಿಂಗಳು ತಿಂಗಳೂ ಕರಗಿ ಹೋಗೋದು. ಅದಕ್ಕೆ ಹೆಸರೆಲ್ಲಿ ಕೆತ್ತಿಸ್ತೀರಿ?”

ಅವರನ್ನು ನಾನು ಹಾಸ್ಯಮಾಡುತ್ತಿಲ್ಲ; ಅವರು ಕಟ್ಟಿಸಿದ ಕೋಣೆ ಇಂದಿಗೂ ಸೋರುವುದಿಲ್ಲ. ಆದರೂ ಐದಾರು ವರ್ಷದೊಳಗೆ ನಮ್ಮ ಸ್ಥಿತಿ ಏನಾಯಿತೆಂದರೆ, ಕೋಣೆ ಮೂರು, ಗೋಡೆಗೆ ಕೂರಿಸಿದ ಹೆಸರಿನ ಕಲ್ಲು ನಾಲ್ಕು, ಉಪಾಧ್ಯಾಯರು ಇಬ್ಬರು. ಅವರಲ್ಲಿ ಒಬ್ಬರು ಒಂಬತ್ತು ತಿಂಗಳ ಸಂಬಳ ಬಾಕಿಯಿರುವಾಗಲೇ, ಒಂದು ಮಾತೂ ಆಡದೆ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು. ಆ ಬಾಕಿಯನ್ನು ತೀರಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಅನುದಾನಕ್ಕೆ ಹಾಕಿದ ಅರ್ಜಿಗಳ ಕಥೆಯನ್ನು ಇಲ್ಲಿ ಬೆಳಸುವುದಿಲ್ಲ, ಅನುದಾನ ಬರಲಿಲ್ಲ.

ಈಗ ನಾಚಿಕೆಯ ಸಂಗತಿ. ಡಿಸೆಂಬರ್ ಹೊತ್ತಿಗೆ ಹೊಲದ ಕೆಲಸ ಮುಗಿದೊಡನೆ ಕೂಲಿಯವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹಣ್ಣು ಬಿಡಿಸಲು ಹೋಗುವರು. ನ್ಯಾಮತಿ, ಹೊನ್ನಾಳಿಯ ತಾಂಡಾಗಳಿಂದಲೂ ಹೀಗೆಯೇ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು. ಮಕ್ಕಳನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇರುವುದಿಲ್ಲ, ಕರೆದುಕೊಂಡೇ ಹೋಗಬೇಕು. ಮರಳುವುದು ಯುಗಾದಿಗೆ, ಅಷ್ಟರಲ್ಲಿ ಪರೀಕ್ಷೆಗಳೂ ಮುಗಿದಿರುತ್ತವೆ. ಆ ನಾಲ್ಕು ತಿಂಗಳು ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಮಾನ್ಯತೆಗೆ ತೊಂದರೆ, ಚಂದಾ ಕೊಡುವವರಿಗೂ ಉತ್ಸಾಹ ಕುಂದುತ್ತದೆ. ನಾನು ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳನ್ನೂ ಇದ್ದಾರೆಂದು ಬರೆದೆ. ಒಂದು ವರ್ಷವಲ್ಲ, ಹಲವು ವರ್ಷ. ಒಳ್ಳೆಯ ಕೆಲಸಕ್ಕಾಗಿ ಹೇಳುವ ಸುಳ್ಳು ಸುಳ್ಳಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

2001ರಿಂದ ಮೂರು ವರ್ಷ ಒಂದೇ ಸಮನೆ ಬರ. ಗಡಿಗೆಗಳು ಬರಿದಾದವು, ಗುಳೆ ಹೋದವರು ಹೆಚ್ಚಿದರು. 2003ರ ಯುಗಾದಿ ಕಳೆದಮೇಲೆ ಮೂರನೆಯ ತರಗತಿಯ ಒಬ್ಬ ಹುಡುಗಿ ಕೊಡಗಿನಿಂದ ಬಂದಳು. ಕೈಯೆಲ್ಲ ಕಾಫಿ ಹಣ್ಣಿನ ಕಲೆ. ಬೀರುವಿನಿಂದ ಹಾಜರಿ ಪುಸ್ತಕ ತಂದುಕೊಡುವುದು ಮೊದಲಿನಿಂದಲೂ ಅವಳ ಕೆಲಸ. ಅಂದು ತರುವಾಗ ದಾರಿಯಲ್ಲೇ ಬಿಡಿಸಿ ತನ್ನ ಹೆಸರು ಹುಡುಕಿದಳು. ಒತ್ತಕ್ಷರಗಳನ್ನೆಲ್ಲ ಮರೆತಿದ್ದಳು, ಆದರೆ ತನ್ನ ಹೆಸರಿನ ಗುರುತು ಮರೆತಿರಲಿಲ್ಲ.

“ಸಾ, ನಾನು ಬಂದೇ ಇಲ್ಲ. ಬಂದೀನಿ ಅಂತ ಐತಲ್ಲ?”

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಕುತೂಹಲ ಮಾತ್ರ. ತರಗತಿಯೆಲ್ಲ ನನ್ನ ಕಡೆ ನೋಡುತ್ತಿತ್ತು. ತಪ್ಪಾಗಿದೆ ಎಂದೆ. ಮಗುವಿನ ನಾಲ್ಕು ತಿಂಗಳ ವಿದ್ಯೆಯನ್ನು ನಾನು ಒಂದು ಗೀಟಿನಿಂದ ಅಳಿಸಿಬಿಟ್ಟಿದ್ದೆ. ಗೈರುಹಾಜರಿಯೆಂದು ಬರೆದಿದ್ದರೆ, ಇಷ್ಟು ಮಕ್ಕಳು ಎಲ್ಲಿ ಹೋದರೆಂದು ಯಾರಾದರೂ ಕೇಳುತ್ತಿದ್ದರೋ ಏನೋ. ಕೇಳುವ ದಾರಿಯನ್ನೇ ನಾನು ಮುಚ್ಚಿದ್ದೆ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತ್ತು. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಭಾಗದಲ್ಲಿ ಆರಂಭವಾಗಿ 2003ರಲ್ಲಿ ನಮ್ಮ ಕಡೆಗೂ ಬಂತು. ಅಷ್ಟರಲ್ಲಿ ನಮ್ಮ ಊರಿನಲ್ಲೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಆಗಿ ಕೆಲವು ವರ್ಷ ಕಳೆದಿತ್ತು. ಅನುದಾನವಿಲ್ಲದ ನಮ್ಮ ಶಾಲೆಗೆ ಊಟವಿಲ್ಲ. ಒಂದೇ ತಿಂಗಳಲ್ಲಿ ನಮ್ಮ ಮಕ್ಕಳಲ್ಲಿ ಬಹುಪಾಲು ಆ ಕಡೆಗೆ ಹೋದರು. ಮೊದಲು ಹೋದವರು ಅತಿ ಬಡವರು, ಎಂದರೆ ಯಾರಿಗಾಗಿ ಶಾಲೆ ಹುಟ್ಟಿತ್ತೋ ಅವರು. ಸಮಿತಿಯವರಿಗೆ ಸಿಟ್ಟು ಬಂತು, ನನಗಂತೂ ಇನ್ನೂ ಹೆಚ್ಚು. ‘ಅನ್ನದ ಆಸೆ ತೋರಿಸಿ ಎಳೆದರು’ ಎಂದು ಆಡಿಕೊಂಡೆವು. ಹಸಿದ ಮಗು ಅನ್ನವಿರುವ ಕಡೆ ಹೋಗುವುದನ್ನು ದ್ರೋಹವೆಂದು ಬಗೆಯುವಷ್ಟು ನಮ್ಮ ಧರ್ಮ ಬೆಳೆದುಹೋಗಿತ್ತು!

ಒಂದು ಮಧ್ಯಾಹ್ನ ಹೋಗಿ ಆ ಶಾಲೆಯ ಕಾಂಪೌಂಡಿನ ಹೊರಗೆ ನಿಂತೆ. ಸಾಲಾಗಿ ಕುಳಿತು ಮಕ್ಕಳು ಅನ್ನ ಸಾರು ಉಣ್ಣುತ್ತಿದ್ದರು. ಗಡಿಗೆ ಕೇಳಿದ ಆ ತಾಯಿಯ ಮೊಮ್ಮಗನೂ ಇದ್ದ. ಅಲ್ಲಿಯ ಮುಖ್ಯೋಪಾಧ್ಯಾಯಿನಿ ನನ್ನನ್ನು ಒಳಗೆ ಕರೆದು ಕೂರಿಸಿದರು. ‘ಹಗಲು ನಾವು ನೋಡಿಕೊಳ್ಳಬಹುದು, ಡಿಸೆಂಬರ್ ಬಂದರೆ ಇವರೆಲ್ಲ ರಾತ್ರಿ ಎಲ್ಲಿರಬೇಕು ಹೇಳಿ’ ಎಂದರು. ಹದಿನೇಳು ವರ್ಷ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಕೆ ಮೊದಲ ವರ್ಷವೇ ಕೇಳಿದ್ದರು.

ಸಮಿತಿಯಲ್ಲಿ ಮೂರು ಸಭೆ ನಡೆದವು. ಒಬ್ಬರು ಹಿರಿಯರು ಎದ್ದುಹೋದರು. ಕೊನೆಗೆ 2004ರಲ್ಲಿ ತರಗತಿಗಳನ್ನು ನಿಲ್ಲಿಸಿ, ಉಳಿದ ಮಕ್ಕಳನ್ನೂ ವರ್ಗಾವಣೆ ಪತ್ರ ಕೊಟ್ಟು ಸರ್ಕಾರಿ ಶಾಲೆಗೆ ಸೇರಿಸಿದೆವು. ಅದೇ ಡಿಸೆಂಬರಿನಿಂದ ನಮ್ಮ ಮೂರು ಕೋಣೆಗಳಲ್ಲಿ, ಗುಳೆ ಹೋದವರ ಮಕ್ಕಳು ಹದಿನೇಳು ಮಂದಿ ರಾತ್ರಿ ಉಳಿದರು. ಕೊಡಗಿನಿಂದ ಬಂದಿದ್ದ ಹುಡುಗಿಯೂ ಅವರಲ್ಲಿ ಒಬ್ಬಳು. ಹಗಲು ಸರ್ಕಾರದ ಶಾಲೆ, ಸರ್ಕಾರದ ಊಟ. ರಾತ್ರಿ ನಮ್ಮ ಗಡಿಗೆಯ ಜೋಳದ ರೊಟ್ಟಿ, ಊರಿನ ಒಬ್ಬ ಅಜ್ಜಿಯ ಅಡಿಗೆ. ಮಲಗುವ ಮೊದಲು ಹೆಸರು ಕೂಗುತ್ತಿದ್ದೆ. ಇಲ್ಲದವರ ಮುಂದೆ ಇಲ್ಲವೆಂದೇ ಬರೆದೆ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ.

ದಕ್ಷಿಣ ಕನ್ನಡದ ಹರೇಕಳದಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬನವರ ಕಥೆಯನ್ನು ಓದುಗರು ಬಲ್ಲರು. ತಾವು ಓದಲು ಬರೆಯಲು ಕಲಿತವರಲ್ಲ. ನ್ಯೂಪಡ್ಪಿನಲ್ಲಿ 2000ದಲ್ಲಿ ಇಪ್ಪತ್ತೆಂಟು ಮಕ್ಕಳೊಡನೆ ಶಾಲೆ ಆರಂಭವಾಗುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಎಲ್ಲರೂ ಅವರ ತ್ಯಾಗವನ್ನು ಹೊಗಳಿದರು, ಹೊಗಳಬೇಕಾದದ್ದೇ. ನನಗೆ ಹೆಚ್ಚು ತಟ್ಟಿದ್ದು ಅವರು ತಮ್ಮ ಊರಿಗೆ ತಂದದ್ದು ಸರ್ಕಾರದ ಶಾಲೆಯನ್ನು ಎಂಬುದು. ಕಿತ್ತಳೆಯ ಬುಟ್ಟಿ ಹೊತ್ತವರಿಗೆ ಹೊಳೆದದ್ದು ತರಬೇತಿ ಪಡೆದ ನನಗೆ ಹೊಳೆಯಲು ಅಷ್ಟು ಕಾಲ ಬೇಕಾಯಿತು.

ರಾತ್ರಿಯ ವಸತಿ ಎಂಟು ವರ್ಷ ನಡೆದು, ಅಜ್ಜಿ ತೀರಿಕೊಂಡ ಮೇಲೆ ನಿಂತಿತು. ಈಗ ಒಂದು ಕೋಣೆಯಲ್ಲಿ ಅಂಗನವಾಡಿಯಿದೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆಯಿಂದ ನೀರು ಕಂಡ ಕೆರೆಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ನಮ್ಮೂರ ಹೊಳೆ ಅಲ್ಲಿಗೆ ಹೋಯಿತಲ್ಲ ಎಂದು ಸಂತೋಷ. ಬರುವಾಗ ಒಂದು ಗಡಿಗೆಯನ್ನು ಹೊನ್ನಾಳಿಗೆ ತಂದೆ. ಬಾಯಿ ಸ್ವಲ್ಪ ಒಡೆದಿದೆ. ಮನೆಯಲ್ಲಿ ಅದರೊಳಗೆ ಉಪ್ಪು ಹಾಕಿಟ್ಟಿದ್ದಾರೆ.