ಮೂಲ್ಕಿಯ ಅಳಿವೆಗೂ ಪೆನುಕೊಂಡದ ಪಿನಾಕಿನಿಗೂ ಏನು ನಂಟು?

ಪೆನುಕೊಂಡದಿಂದ ಪಶ್ಚಿಮಕ್ಕೆ ಹೋಗಿ ರೊದ್ದದ ಬಳಿ ಪೆನ್ನಾರಿನ ಪಾತ್ರಕ್ಕೆ ಇಳಿದರೆ ವರ್ಷದ ಬಹುಪಾಲು ದಿನ ಕಾಲಿಗೆ ತಾಗುವುದು ನೀರಲ್ಲ, ಮರಳು. ನಡುನಡುವೆ ಬೆಣಚುಕಲ್ಲಿನ ಬಿಳಿ ಚೂರು, ಗ್ರಾನೈಟಿನ ನಸುಗೆಂಪು ಹರಳು. ಈ ಮರಳು ಬಂದದ್ದು ದಕ್ಷಿಣದಿಂದ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ, ಅಂದರೆ ಇದೇ ಪೆನ್ನಾರು, ಗೌರಿಬಿದನೂರು, ಹಿಂದೂಪುರ ದಾಟಿ ಉತ್ತರಕ್ಕೇ ಸಾಗಿ, ಆಮೇಲೆ ಪೂರ್ವಕ್ಕೆ ತಿರುಗಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಅದೇ ಸಾಲಿನಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯದು ತದ್ವಿರುದ್ಧ ದಿಕ್ಕು: ಹೊಸಕೋಟೆ, ತಮಿಳುನಾಡು, ಕಡಲೂರು.

ಒಂದೇ ತವರಿನ ಈ ಎರಡು ನದಿಗಳು ಬೆನ್ನು ತಿರುಗಿಸಿಕೊಂಡದ್ದೇಕೆ?

ಉತ್ತರದ ಎಳೆಯೊಂದು ಸಿಗುವುದು ಕರಾವಳಿಯಲ್ಲಿ. ಮಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನಿ ಕೆ.ಆರ್. ಸುಬ್ರಹ್ಮಣ್ಯ 1996ರಲ್ಲಿ 'ಟೆಕ್ಟನೋಫಿಸಿಕ್ಸ್' ಪತ್ರಿಕೆಯಲ್ಲಿ ಒಂದು ದಿಟ್ಟ ಮಾತು ಹೇಳಿದರು. ಪಶ್ಚಿಮದ ಮೂಲ್ಕಿಯಿಂದ ಪೂರ್ವದ ಪುಲಿಕಾಟ್ ಸರೋವರದವರೆಗೆ, ಸರಿಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಗುಂಟ ನೆಲ ಮೆಲ್ಲಗೆ ಉಬ್ಬುತ್ತಿದೆಯಂತೆ. ಕಂಬಳಿಯೊಳಗೆ ಮೊಣಕಾಲೆತ್ತಿದರೆ ಮೇಲೆ ಬಿದ್ದ ನೀರು ಎರಡು ಕಡೆಗೂ ಜಾರುವ ಹಾಗೆ, ಉತ್ತರದ ನದಿಗಳು ಉತ್ತರಕ್ಕೆ, ದಕ್ಷಿಣದವು ದಕ್ಷಿಣಕ್ಕೆ ಸರಿಯುತ್ತಿವೆ ಎಂಬುದು ವಾದ.

ಕರಾವಳಿಯ ನಕ್ಷೆ ಹರಡಿದರೆ ಮಾತು ನಿಜವೆನಿಸುತ್ತದೆ. ಉದ್ಯಾವರ ಹೊಳೆ ಕಡಲಿನ ಮಗ್ಗುಲಿಗೆ ಬಂದ ಮೇಲೂ ಉತ್ತರಕ್ಕೆ ಹರಿದು ಮಲ್ಪೆ ಸೇರುತ್ತದೆ. ಸ್ವರ್ಣೆಯೂ ಕೋಡಿಬೆಂಗ್ರೆಯ ಮರಳಪಟ್ಟಿಯ ಹಿಂದೆ ಉತ್ತರಕ್ಕೆ ಹೋಗಿ ಸೀತಾ ನದಿಯನ್ನು ಕೂಡುತ್ತದೆ. ಮೂಲ್ಕಿಯಿಂದ ದಕ್ಷಿಣದ ಗುರುಪುರ ಹೊಳೆ ತಣ್ಣೀರುಬಾವಿಯ ಬೆನ್ನಿಗೆ ದಕ್ಷಿಣಕ್ಕೇ ಹರಿದು ನೇತ್ರಾವತಿಯ ಅಳಿವೆಯನ್ನು ಮುಟ್ಟುತ್ತದೆ.

ಆದರೆ ತಕರಾರು ಇರುವುದು ಮೂಲ್ಕಿಯಲ್ಲೇ. ಸಸಿಹಿತ್ಲುವಿನ ತುದಿಯಲ್ಲಿ ನಿಂತರೆ ಬಲಗಡೆ ಹೆಜಮಾಡಿ ಕೋಡಿಯ ದಿಣ್ಣೆ, ಎದುರಿಗೆ ಅಳಿವೆ ಬಾಗಿಲು. ಉತ್ತರದಿಂದ ಬಂದ ಶಾಂಭವಿ ದಕ್ಷಿಣಕ್ಕೆ, ದಕ್ಷಿಣದಿಂದ ಬಂದ ಪಾವಂಜೆ ಉತ್ತರಕ್ಕೆ! ದೂರ ಸರಿಯಬೇಕಿದ್ದ ನದಿಗಳು ಆ ಉಬ್ಬಿನ ಅಕ್ಷದ ಬುಡದಲ್ಲೇ ಕೈಕೈ ಹಿಡಿದು ಕಡಲಿಗಿಳಿಯುತ್ತವೆ.

ಇಲ್ಲಿ ಸಂಶಯಕ್ಕೆ ಎಡೆಯಿದೆ. ಮಳೆಗಾಲದ ಅಲೆಗಳು ಮರಳನ್ನು ದಂಡೆಯುದ್ದ ಒಯ್ದು ದಿಣ್ಣೆ ಕಟ್ಟಿದರೂ ನದೀಮುಖ ತಿರುಗುತ್ತದೆ, ಅದಕ್ಕೆ ನೆಲ ಉಬ್ಬಬೇಕಿಲ್ಲ. ಪೂರ್ವದ ತುದಿಯಲ್ಲಿ ಪುಲಿಕಾಟನ್ನು ಬಂಗಾಳಕೊಲ್ಲಿಯಿಂದ ಬೇರ್ಪಡಿಸಿರುವ ಶ್ರೀಹರಿಕೋಟಾ ಕೂಡ ಮರಳಿನ ದಿಬ್ಬವೇ. ಅಲೆಯ ಕೆಲಸ ಯಾವುದು, ನೆಲದ ಕೆಲಸ ಯಾವುದು ಎಂದು ಬಿಡಿಸುವುದಕ್ಕೆ ನಕ್ಷೆ ಸಾಲದು. ಅಳಿವೆಯ ಕೆಸರಿಗೆ ಕೊಳವೆ ಇಳಿಸಿ ಪದರಗಳನ್ನು ಕೆಡದಂತೆ ಎತ್ತಬೇಕು, ಅದರಲ್ಲಿ ಸಿಕ್ಕ ಚಿಪ್ಪು, ಮರದ ತುಂಡುಗಳ ವಯಸ್ಸನ್ನು ಇಂಗಾಲದಿಂದ ಅಳೆಯಬೇಕು.

ಅಳಿವೆಯ ಕೆಸರು ಅದಕ್ಕಾಗಿ ಕಾದೀತು, ಒಳನಾಡಿನ ಸಾಕ್ಷಿ ಹಾಗೆ ಕಾಯುವ ಸ್ಥಿತಿಯಲ್ಲಿಲ್ಲ. ಪೆನ್ನಾರು ಹಿಂದೆ ಎಲ್ಲಿ ಹರಿದಿತ್ತೆಂದು ಹೇಳಬೇಕಾದ ಮರಳಿನ ಪದರಗಳನ್ನು ಟ್ರ್ಯಾಕ್ಟರ್, ಲಾರಿಗಳು ಕಟ್ಟಡಗಳಿಗೆ ಸಾಗಿಸುತ್ತಿವೆ. ಹಾಗೆ ಒಮ್ಮೆ ಅಗೆದು ಕಲಕಿದ ಪದರದಿಂದ ಯಾವ ಪ್ರಯೋಗಾಲಯವೂ ವಯಸ್ಸು ಹೊರಡಿಸಲಾರದು.