ಮಧುಮೇಹಿ ಮಗುವಿನ ನಿತ್ಯಸಾಧನಗಳು

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ನಮ್ಮ ಜನರ ನಾಲಗೆಯ ತುದಿಯಲ್ಲಿದೆ. ಬಹುಮಟ್ಟಿಗೆ ಅದು ಅನುಭವದ ಮಾತೇ ಹೌದು. ಆದರೆ ಆ ಗಾದೆಗೆ ಒಳಪಡದ ರೋಗವೊಂದಿದೆ. ಅದು ಬಂದ ಮನೆಯಲ್ಲಿ ನಿಂತು ಈ ಗಾದೆಯನ್ನಾಡುವುದು ಜಾಣತನವಲ್ಲ, ನಿಷ್ಠುರತೆ. ಒಂದನೆಯ ಬಗೆಯ ಮಧುಮೇಹವೆಂದು ವೈದ್ಯರು ಕರೆಯುವ ಈ ರೋಗವು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ತಲೆದೋರುತ್ತದೆ. ಇದು ಸಿಹಿ ತಿಂದುದರ ಫಲವಲ್ಲ. ತಾಯಿಯ ಪಥ್ಯದೋಷವೂ ಅಲ್ಲ. ಶರೀರವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ರಸವನ್ನು ಸ್ರವಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಇದು ಹುಟ್ಟುತ್ತದೆ. ವಯಸ್ಕರಲ್ಲಿ ಸಾಮಾನ್ಯವಾದ ಎರಡನೆಯ ಬಗೆಯ ಮಧುಮೇಹಕ್ಕೆ ಗುಳಿಗೆಯಿದೆ, ಪಥ್ಯವಿದೆ, ನಡಿಗೆಯಿದೆ. ಇದಕ್ಕಾದರೋ ಇನ್ಸುಲಿನ್ನೊಂದೇ ಆಧಾರ. ಅದೂ ದಿನಕ್ಕೆ ಹಲವು ಸಲ, ಜೀವಮಾನ ಪರ್ಯಂತ. ಅದು ತಪ್ಪಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯವು ಒದಗುತ್ತದೆ.

ಈ ಔಷಧದ ಚರಿತ್ರೆಯು ಮನುಷ್ಯಕುಲಕ್ಕೆ ಭೂಷಣವಾದುದು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇದರ ಶೋಧವನ್ನು ಕೈಕೊಂಡರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ, ಮರಣೋನ್ಮುಖನಾಗಿದ್ದ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಆತನು ಮತ್ತೆ ಹದಿಮೂರು ವರ್ಷ ಬದುಕಿದನು. ಮರುವರ್ಷ ಬ್ಯಾಂಟಿಂಗ್, ಬೆಸ್ಟ್ ಮತ್ತು ಕೊಲಿಪ್ ಈ ಮೂವರೂ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರು. ಜೀವದಾನ ಮಾಡುವ ವಸ್ತುವು ಯಾರೊಬ್ಬರ ಖಾಸಗಿ ಸ್ವತ್ತಾಗಬಾರದೆಂಬುದೇ ಅವರ ಆಶಯವಾಗಿದ್ದಿತು. ನಮ್ಮ ನಾಡೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ೨೦೦೪ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ತಾನೇ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಔಷಧವು ದಾನವಾಗಿ ಬಂದಿತು, ಕನ್ನಡನಾಡಿನಲ್ಲಿಯೇ ತಯಾರೂ ಆಗುತ್ತಿದೆ. ಹಾಗಿದ್ದರೆ ಉಳಿದಿರುವ ಕೊರತೆ ಯಾವುದು? ಔಷಧವನ್ನು ನಿತ್ಯವೂ ಸರಿಯಾಗಿ ಬಳಸಲು ಬೇಕಾದ ಸಣ್ಣಪುಟ್ಟ ಸಾಧನಗಳದ್ದೇ ಆ ಕೊರತೆಯೆಂದು ನಾವು ಹೇಳುತ್ತೇವೆ. ಅವುಗಳ ವಿಷಯವನ್ನೇ ಇಂದು ಇಲ್ಲಿ ಬರೆಯಲು ಬಯಸಿದ್ದೇವೆ.

ಶರಾವತಿಯು ಸಮುದ್ರವನ್ನು ಸೇರುವಲ್ಲಿ, ಹೊನ್ನಾವರ ಪಟ್ಟಣಕ್ಕೆದುರಾಗಿ ದಕ್ಷಿಣ ದಂಡೆಯಲ್ಲಿರುವ ಕಾಸರಕೋಡ ಗ್ರಾಮವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಯ ಕಡಲತೀರಕ್ಕೆ ೨೦೨೦ರಲ್ಲಿ ನೀಲಿ ಧ್ವಜದ ಅಂತರರಾಷ್ಟ್ರೀಯ ಮನ್ನಣೆ ದೊರೆತುದನ್ನು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟವರೂ ಉಂಟು. ಆ ತೀರದ ಟೊಂಕದಲ್ಲಿ ಮೀನು ಒಣಗಿಸಿ ಜೀವಿಸುವ ತಾಯಿಯೊಬ್ಬಳ ಮನೆಯಲ್ಲಿ ಇಂಥ ಮಗುವೊಂದು ಇದೆಯೆಂದು ಭಾವಿಸೋಣ. ಆಕೆಗೆ ಏನೇನು ಬೇಕು?

ಮೊದಲನೆಯದು ಸಿರಿಂಜು. ಇದು ಅತಿ ಸಾಮಾನ್ಯವಾದ ವಸ್ತುವೆಂದು ತೋರಬಹುದು. ಆದರೆ ಪ್ರಮಾದವು ಅವಿತಿರುವುದೂ ಇದರಲ್ಲಿಯೇ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ೪೦ ಯೂನಿಟ್ಟಿನದು. ಪೆನ್ನಿನಲ್ಲಿ ಹಾಕುವ ಕೊಳವೆಯದು ೧೦೦ ಯೂನಿಟ್ಟಿನದು. ೪೦ರ ಸಿರಿಂಜಿಗೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ೪೦ರ ಔಷಧವನ್ನು ೧೦೦ರ ಸಿರಿಂಜಿನಲ್ಲಿ ೨೦ರ ಗೆರೆಯವರೆಗೆ ಎಳೆದರೆ ಮಗುವಿಗೆ ಸಿಕ್ಕುವುದು ೮ ಯೂನಿಟ್ಟು ಮಾತ್ರ. ೧೦೦ರ ಔಷಧವನ್ನು ೪೦ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ೨೦ಕ್ಕೆ ಬದಲಾಗಿ ೫೦ ಯೂನಿಟ್ಟು ಒಳಹೊಗುವುದು. ಇದು ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಅಂಗಡಿಯಲ್ಲಿಯೇ ತಾಳೆನೋಡಿ ಕೊಳ್ಳತಕ್ಕದ್ದು. ಔಷಧದ ವ್ಯಾಪಾರಿಗಳೂ ಕೇಳುವ ಮೊದಲೇ ಇದನ್ನು ತಿಳಿಸುವುದು ಅವರ ಧರ್ಮ. ಶಾಲೆಗೆ ಹೋಗುವ ಮಗುವಿಗೆ ಪೆನ್ನು ಹೆಚ್ಚು ಅನುಕೂಲ. ಅಂಕಿಯನ್ನು ತಿರುಗಿಸಿ ಒತ್ತಿದರಾಯಿತು, ಎಳೆಯುವಾಗಿನ ತಪ್ಪಿಗೆ ಎಡೆಯಿಲ್ಲ.

ಎರಡನೆಯದು ರಕ್ತದ ಸಕ್ಕರೆಯನ್ನಳೆಯುವ ಗ್ಲುಕೋಮೀಟರು. ಹಿಂದೆ ಮೂತ್ರವನ್ನು ಬೆನೆಡಿಕ್ಟನ ದ್ರಾವಣದೊಡನೆ ಕಾಯಿಸಿ, ನೀಲಿಯು ಹಸುರಾಯಿತೋ ಇಟ್ಟಿಗೆಗೆಂಪಾಯಿತೋ ಎಂದು ನೋಡಿ ಊಹಿಸಬೇಕಾಗಿದ್ದಿತು. ಇಂದು ಬೆರಳತುದಿಯ ಒಂದು ಹನಿ ರಕ್ತವು ಕೆಲವೇ ಕ್ಷಣಗಳಲ್ಲಿ ನಿಜವನ್ನು ನುಡಿಯುತ್ತದೆ. ಆದರೆ ಯಂತ್ರವನ್ನು ಒಮ್ಮೆ ಕೊಂಡರೆ ತೀರಲಿಲ್ಲ. ಪ್ರತಿಯೊಂದು ಪರೀಕ್ಷೆಗೂ ಹೊಸ ಸ್ಟ್ರಿಪ್ಪು ಬೇಕು. ದಿನಕ್ಕೆ ನಾಲ್ಕು ಪರೀಕ್ಷೆಯೆಂದರೆ ತಿಂಗಳಿಗೆ ೧೨೦ ಸ್ಟ್ರಿಪ್ಪು. ಒಂದಕ್ಕೆ ೨೦ ರೂಪಾಯಿಯೆಂದು ಹಿಡಿದರೂ ೨,೪೦೦ ರೂಪಾಯಿ. ಮೀನಿನ ಬುಟ್ಟಿಯ ಮೇಲೆ ನಡೆಯುವ ಸಂಸಾರಕ್ಕೆ ಇದು ಎಷ್ಟು ಭಾರವೆಂಬುದನ್ನು ವಿವರಿಸಬೇಕಾಗಿಲ್ಲ. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ೬೧ ದಿನ ದೋಣಿಯು ದಡದಲ್ಲಿ ನಿಲ್ಲಬಹುದು. ಮಗುವಿನ ರಕ್ತಕ್ಕೆ ರಜೆಯಿಲ್ಲ. ಪರೀಕ್ಷೆಯನ್ನು ಬಿಟ್ಟು ಅಂದಾಜಿನಿಂದ ಚುಚ್ಚುವುದು ಆಗಲೇ ಮೊದಲಾಗುತ್ತದೆ.

ಮೂರನೆಯದು ಔಷಧವನ್ನು ತಂಪಾಗಿಡುವ ಏರ್ಪಾಡು. ತೆರೆಯದ ಸೀಸೆಯನ್ನು ೨ರಿಂದ ೮ ಡಿಗ್ರಿ ಶಾಖದಲ್ಲಿಡಬೇಕೆಂಬುದು ನಿಯಮ. ಬಳಸಲಾರಂಭಿಸಿದ ಸೀಸೆಯನ್ನು ಬಿಸಿಲು ತಾಗದ ತಂಪಾದ ಸ್ಥಳದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಫ್ರಿಜ್ಜು ಇಲ್ಲದ ಮನೆಗಳಲ್ಲಿ ಒಂದು ಗಡಿಗೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಡೆ ಔಷಧವನ್ನಿಡುವ ಕ್ರಮವುಂಟು. ಬಯಲುಸೀಮೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸಮಾಡುತ್ತದೆ. ಆದರೆ ತೇವ ತುಂಬಿದ ಕಡಲತಡಿಯ ಗಾಳಿಯಲ್ಲಿ ನೀರು ಬೇಗ ಆರದುದರಿಂದ ಅಷ್ಟು ತಂಪು ದೊರೆಯದು. ಮೀನುಗಾರರ ಮನೆಯಲ್ಲಿ ಇನ್ನೊಂದು ಅಪಾಯವೂ ಇದೆ. ಐಸು ಅವರ ಕೈಗೆ ಸುಲಭವಾಗಿ ಸಿಗುವ ವಸ್ತು. ಔಷಧವನ್ನು ಐಸಿನ ಪೆಟ್ಟಿಗೆಯಲ್ಲಿ ಹೂಳಿಡೋಣವೆಂದು ತೋರುವುದು ಸಹಜ. ಹೀಗೆಂದೂ ಮಾಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿ ತಿಳಿಯಾಗಿ ಕಂಡರೂ ನಂಬಿಕೆಗೆ ಅರ್ಹವಲ್ಲ. ಅದನ್ನು ಚೆಲ್ಲಿಬಿಡುವುದೇ ಸರಿ. ಔಷಧವು ಐಸಿನ ಬಳಿಯಲ್ಲಿರಬಹುದು, ಐಸನ್ನು ಮುಟ್ಟಕೂಡದು. ನಡುವೆ ದಪ್ಪನೆಯ ಬಟ್ಟೆಯೂ ಡಬ್ಬಿಯೂ ಇರತಕ್ಕದ್ದು.

ನಾಲ್ಕನೆಯದಕ್ಕೆ ಬೆಲೆಯೇ ಇಲ್ಲವೆನ್ನಬಹುದು. ಮಗುವಿನ ಜೇಬಿನಲ್ಲಿ ಸದಾ ಇರಬೇಕಾದ ಸಕ್ಕರೆಯ ಪೊಟ್ಟಣವೇ ಅದು. ಇನ್ಸುಲಿನ್ ಹೆಚ್ಚಾದಾಗ, ಊಟವು ತಡವಾದಾಗ, ಆಟವು ಮಿತಿಮೀರಿದಾಗ ರಕ್ತದ ಸಕ್ಕರೆಯು ೭೦ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಅಸಂಬದ್ಧವಾದ ಮಾತು ಇದರ ಲಕ್ಷಣಗಳು. ಆಗ ಸುಮಾರು ಮೂರು ಚಮಚ ಸಕ್ಕರೆಯನ್ನು, ಚಿಕ್ಕ ಮಗುವಾದರೆ ಅದಕ್ಕಿಂತ ಕಡಿಮೆಯನ್ನು, ತಿನ್ನಿಸಿ ಹದಿನೈದು ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಮೂರ್ಛೆ ಹೋದ ಮಗುವಿನ ಬಾಯಿಗೆ ಏನನ್ನೂ ಹಾಕಲಾಗದು. ಅದಕ್ಕೆ ಗ್ಲುಕಗಾನ್ ಚುಚ್ಚುಮದ್ದು ಅಥವಾ ಆಸ್ಪತ್ರೆಯೇ ಗತಿ. ಮಗುವಿಗೆ ಜ್ವರ, ವಾಂತಿಗಳಾದಾಗ ಊಟವಿಲ್ಲವೆಂದು ಇನ್ಸುಲಿನ್ನನ್ನು ನಿಲ್ಲಿಸಿಬಿಡುವುದೂ ದೊಡ್ಡ ತಪ್ಪು. ಆಗ ಮೂತ್ರದಲ್ಲಿ ಕೀಟೋನು ಇದೆಯೋ ಎಂದು ತೋರಿಸುವ ಅಗ್ಗದ ಪಟ್ಟಿಯನ್ನು ಬಳಸಿ ನೋಡಿ, ತಡಮಾಡದೆ ವೈದ್ಯರನ್ನು ಕಾಣಬೇಕು.

ಐದನೆಯದು ಬಳಸಿದ ಸೂಜಿಗಳನ್ನು ಹಾಕಲು ದಪ್ಪ ಗೋಡೆಯ, ಬಿಗಿ ಮುಚ್ಚಳದ ಒಂದು ಡಬ್ಬಿ. ಬರಿಗಾಲಿನಲ್ಲಿ ಓಡಾಡುವ ಜನರಿರುವ ಮರಳಿನ ದಂಡೆಯಲ್ಲಿ ಸೂಜಿಯನ್ನು ಎಸೆಯುವುದು ನೆರೆಯವನ ಕಾಲಿಗೆ ಮುಳ್ಳು ನೆಟ್ಟಂತೆ. ತುಂಬಿದ ಡಬ್ಬಿಯನ್ನು ಆರೋಗ್ಯ ಕೇಂದ್ರವು ಹಿಂದಕ್ಕೆ ಪಡೆಯುವಂತಾಗಬೇಕು.

ಇವೆಲ್ಲಕ್ಕೂ ಮೇಲಾದ ಸಾಧನಗಳೂ ಈಗ ಬಂದಿವೆ. ತೋಳಿಗೆ ಅಂಟಿಸಿದ ನಾಣ್ಯದಷ್ಟು ದೊಡ್ಡ ಸಂವೇದಕವೊಂದು ಹಲವು ದಿನಗಳವರೆಗೆ ಹಗಲಿರುಳೂ ಸಕ್ಕರೆಯ ಏರಿಳಿತವನ್ನು ತೋರಿಸುತ್ತದೆ. ಕೆಲವು ಬಗೆಯವು ನಿದ್ರೆಯಲ್ಲಿ ಸಕ್ಕರೆಯು ಕುಸಿದರೆ ಕೂಗಿ ಎಚ್ಚರಿಸುತ್ತವೆ. ಇನ್ಸುಲಿನ್ನನ್ನು ಸ್ವಲ್ಪಸ್ವಲ್ಪವಾಗಿ ಒಳಬಿಡುವ ಪಂಪೂ ಉಂಟು. ಇರುಳಿನಲ್ಲಿ ಮೂರು ಸಲ ಎದ್ದು ಮಗುವಿನ ಹಣೆಯ ಬೆವರನ್ನು ಮುಟ್ಟಿನೋಡುವ ತಾಯಿಗೆ ಇವು ವಿಲಾಸದ ವಸ್ತುಗಳಲ್ಲ. ಆದರೂ ಇವುಗಳ ಬೆಲೆ ಸಾವಿರಗಳಲ್ಲಿಯೂ ಲಕ್ಷಗಳಲ್ಲಿಯೂ ಇರುವುದರಿಂದ ಬಡವನು ಇವನ್ನು ಕನಸಿನಲ್ಲಿಯೂ ಕಾಣಲಾರನು.

ಇಲ್ಲಿ ನಾವು ಒಂದು ಹೋಲಿಕೆಯನ್ನು ವಾಚಕರ ಮುಂದಿಡಬೇಕಾಗಿದೆ. ನಮ್ಮ ಕಾಸರಕೋಡಕ್ಕೂ ದಕ್ಷಿಣದ ಕಾಸರಗೋಡಿಗೂ ಹೆಸರಿನಲ್ಲಿ ಒಂದಕ್ಷರದ ಭೇದ. ಎರಡೂ ಕಡೆ ಅದೇ ಕಡಲು. ಎರಡೂ ಕಡೆ ಕನ್ನಡದ ಮನೆಗಳಿವೆ. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದುದು ಕನ್ನಡಿಗರ ಮನಸ್ಸಿನಲ್ಲಿ ಇಂದಿಗೂ ಮಾಯದ ಗಾಯವೇ ಸರಿ. ಆದರೆ ಸತ್ಯವನ್ನು ಹೇಳಲು ಅಭಿಮಾನವು ಅಡ್ಡಬರಬಾರದು. ಆ ರಾಜ್ಯದ ಸರಕಾರವು ೨೦೧೮ರಲ್ಲಿ ತನ್ನ ಸಾಮಾಜಿಕ ಸುರಕ್ಷಾ ಮಿಷನ್ನಿನ ಮೂಲಕ ‘ಮಿಠಾಯಿ’ ಎಂಬ ಯೋಜನೆಯನ್ನು ಆರಂಭಿಸಿ, ಒಂದನೆಯ ಬಗೆಯ ಮಧುಮೇಹವುಳ್ಳ ಬಡಮಕ್ಕಳಿಗೆ ಇನ್ಸುಲಿನ್, ಪೆನ್ನು, ಗ್ಲುಕೋಮೀಟರು, ಸ್ಟ್ರಿಪ್ಪುಗಳನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಮಾಡಿತು. ವೈದ್ಯರು ಯೋಗ್ಯವೆಂದು ಕಂಡವರಿಗೆ ಸಂವೇದಕವೂ ಪಂಪೂ ದೊರೆಯುವ ಅವಕಾಶವನ್ನು ಕಲ್ಪಿಸಿತು. ಸಿಹಿಯನ್ನು ಎಣಿಸಿ ತಿನ್ನಬೇಕಾದ ಮಕ್ಕಳ ಯೋಜನೆಗೆ ಮಿಠಾಯಿಯೆಂದು ಹೆಸರಿಟ್ಟವರ ಹೃದಯವು ದೊಡ್ಡದು. ಗಡಿಯಾಚೆಯ ಕನ್ನಡದ ಮಗುವಿಗಾಗಿ ನಿಂತಿರುವ ಈ ಆಸರೆಯು ಗಡಿಯೀಚೆಯ ಕನ್ನಡದ ಮಗುವಿಗೂ ಹಕ್ಕಾಗಿ ಸಿಗಲೇಬೇಕೆಂಬುದು ನಮ್ಮ ಸ್ಪಷ್ಟಾಭಿಪ್ರಾಯ.

ಉತ್ತರ ಕನ್ನಡ ಜಿಲ್ಲೆಯ ಜನರು ಸುಸಜ್ಜಿತವಾದ ದೊಡ್ಡ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗಿಡುತ್ತ ಬಂದುದನ್ನು ನಾವು ಬಲ್ಲೆವು. ಆ ಬೇಡಿಕೆಯು ನ್ಯಾಯವಾದುದು. ಆದರೆ ಆಸ್ಪತ್ರೆಯ ಕಟ್ಟಡವು ಏಳುವವರೆಗೆ ಮಗುವಿನ ರೋಗವು ಕಾಯದು. ಕಾಸರಕೋಡದ ತಾಯಿಗೆ ಇಂದು ಬೇಕಾದುದು ಸೇತುವೆಯಾಚೆಯ ಹೊನ್ನಾವರದ ತಾಲೂಕಾ ಆಸ್ಪತ್ರೆಯಲ್ಲಿ, ಕೇಳಿದ ದಿನ ಇಲ್ಲವೆನ್ನದೆ, ಇನ್ಸುಲಿನ್ನೂ ಅದಕ್ಕೆ ತಕ್ಕ ಸಿರಿಂಜೂ ತಿಂಗಳಿಗಾಗುವಷ್ಟು ಸ್ಟ್ರಿಪ್ಪೂ ದೊರೆಯುವುದು. ಮೀನುಗಾರಿಕೆಯ ನಿಷೇಧ ತೊಡಗುವ ಮುನ್ನವೇ ಮಳೆಗಾಲದ ದಾಸ್ತಾನು ಬಂದಿರುವುದು. ಇದಕ್ಕೆ ಬೇಕಾದುದು ಕೋಟಿಗಳಲ್ಲ. ಒಂದು ಹೆಸರಿನ ಪಟ್ಟಿ, ಒಂದು ಬೀರು, ಹೊಣೆಯನ್ನರಿತ ಒಬ್ಬ ಅಧಿಕಾರಿ.

ಶಾಲೆಗಳ ವಿಷಯದಲ್ಲಿಯೂ ಒಂದು ಮಾತು. ೨೦೧೭ರಲ್ಲಿಯೇ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ಇಂಥ ವಿದ್ಯಾರ್ಥಿಗಳು ಪರೀಕ್ಷೆಯ ಕೊಠಡಿಗೆ ಸಕ್ಕರೆಯ ಗುಳಿಗೆ, ಹಣ್ಣು, ನೀರುಗಳನ್ನು ಒಯ್ಯಲು ಅನುಮತಿ ಕೊಟ್ಟಿತು. ನಮ್ಮ ಹಳ್ಳಿಯ ಶಾಲೆಯ ಮಾಸ್ತರರಿಗೂ ಬಾಯೋರಿಗೂ ಇಷ್ಟನ್ನಾದರೂ ತಿಳಿಸಬೇಕು: ಪಾಠದ ನಡುವೆ ಸಕ್ಕರೆ ತಿನ್ನುವ ಮಗು ಅಶಿಸ್ತಿನದಲ್ಲ, ಮರೆಯಲ್ಲಿ ಸೂಜಿ ಚುಚ್ಚಿಕೊಳ್ಳುವ ಮಗು ನಾಚಬೇಕಾದ ಕಾರಣವಿಲ್ಲ, ಬೆವರಿ ಬಳಲಿದ ಮಗುವನ್ನು ಒಂಟಿಯಾಗಿ ಮನೆಗೆ ಅಟ್ಟಬಾರದು. ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಕಾರಣವಿಲ್ಲದೆ ಸೊರಗುವಿಕೆ ಇವನ್ನು ಯಾವ ಮಗುವಿನಲ್ಲಿ ಕಂಡರೂ ಅದೇ ದಿನ ರಕ್ತವನ್ನು ಪರೀಕ್ಷೆ ಮಾಡಿಸುವಂತೆ ತಂದೆತಾಯಿಗಳಿಗೆ ಹೇಳುವ ಕರ್ತವ್ಯವೂ ಅವರದೇ.

ಒಂದು ಡಾಲರಿಗೆ ತಮ್ಮ ಹಕ್ಕನ್ನು ಬಿಟ್ಟುಕೊಟ್ಟ ಮೂವರು ನೂರು ವರ್ಷಗಳ ಹಿಂದೆ ತಮ್ಮ ಪಾಲಿನ ಕೆಲಸವನ್ನು ಮುಗಿಸಿದರು. ಉಳಿದುದು ನಮ್ಮ ಪಾಲಿನದು. ತಾಲೂಕಿನ ಅಧಿಕಾರಿವರ್ಗವೂ ಪ್ರಜಾಪ್ರತಿನಿಧಿಗಳೂ ಬರುವ ಮಳೆಗಾಲಕ್ಕೆ ಮೊದಲು ಆ ಹೆಸರಿನ ಪಟ್ಟಿಯನ್ನು ಸಿದ್ಧಪಡಿಸಲಿ. ನೀಲಿ ಧ್ವಜವು ಹಾರಿದ ದಂಡೆಯಲ್ಲಿ ಒಂದು ಸ್ಟ್ರಿಪ್ಪಿನ ಕೊರತೆಯಿಂದ ಮಗುವೊಂದು ಕಣ್ಣುಮುಚ್ಚಿತೆಂಬ ಸುದ್ದಿಯನ್ನು ಅಚ್ಚಿಸುವ ಪ್ರಸಂಗವು ನಮಗೆ ಬಾರದಿರಲಿ.