ಜೋಡಿ ಮಸೂರಗಳೂ ಮೈಸೂರು ಸೀಮೆಯ ಅಳತೆಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಸ್ಥಳಗಳನ್ನು ಅರಸಿ ಹೊರಡುವಾಗ ನಾವು ಭೂಪಟವನ್ನು ನಂಬಿಯೇ ಹೊರಡುತ್ತೇವೆ. ಈ ನಂಬಿಕೆಯ ಮೂಲದಲ್ಲಿರುವ ತ್ರಿಕೋನಮಾಪನವನ್ನು ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದು ತೊಡಗಿದನು. ಅವನು ತರಿಸಿದ, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಫ್ರೆಂಚರು ಹಡಗಿನೊಡನೆ ಹಿಡಿದು ಮಾರಿಷಸ್ಸಿಗೆ ಒಯ್ದು, ಬಳಿಕ ಬಿಟ್ಟುಕೊಟ್ಟ ಕಥೆಯನ್ನು ಇತಿಹಾಸಕಾರರು ರುಚಿಕಟ್ಟಾಗಿ ಹೇಳುವರು. ಅಂತಹ ಯಂತ್ರದ ದೂರದರ್ಶಕದೊಳಗೆ ನಡೆಯುವುದೇನೆಂಬುದನ್ನು ಹೇಳುವವರು ಕಡಮೆ.

ಅದರಲ್ಲಿರುವುದು ಮುಖ್ಯವಾಗಿ ಪೀನಮಸೂರಗಳ ಜೋಡಣೆ. ಶ್ರವಣಬೆಳಗೊಳದ ಗೊಮ್ಮಟನನ್ನೇ ತೆಗೆದುಕೊಳ್ಳೋಣ. ಎತ್ತರ ಸುಮಾರು 57 ಅಡಿ. ದೂರದಿಂದ ಸುತ್ತಾಲಯವು ಕೆಳಭಾಗವನ್ನು ಮರೆಸುತ್ತದೆಯಾದರೂ ಲೆಕ್ಕಕ್ಕಾಗಿ ಇಡೀ ಮೂರ್ತಿ ಕಾಣುವುದೆನ್ನೋಣ. ಒಂದು ಮೈಲಿ ದೂರದಲ್ಲಿ ನಿಂತು, 20 ಅಂಗುಲ ನಾಭಿದೂರದ ಮಸೂರವನ್ನು ಅತ್ತ ತಿರುಗಿಸಿದರೆ, ಮಸೂರದ ಹಿಂದೆ ಸುಮಾರು 20 ಅಂಗುಲದಲ್ಲಿ 0.22 ಅಂಗುಲದ ತಲೆಕೆಳಗಾದ ಗೊಮ್ಮಟನು ಮೂಡುವನು. ಇದು ಸತ್ಯಬಿಂಬ, ಅಲ್ಲಿ ಕಾಗದವನ್ನು ಹಿಡಿದರೆ ಅದರ ಮೇಲೆ ಬೀಳುತ್ತದೆ.

ಎರಡನೆಯ ಮಸೂರಕ್ಕೆ ಬೆಟ್ಟದ ಮೇಲಿನ ಶಿಲೆಯ ಗೊಡವೆಯಿಲ್ಲ. ಈ ಪುಟ್ಟ ಬಿಂಬವೇ ಅದಕ್ಕೆ ವಸ್ತು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 2 ಅಂಗುಲ ನಾಭಿದೂರದ ಮಸೂರವನ್ನು ಬಿಂಬದಿಂದ 2 ಅಂಗುಲ ಹಿಂದಿಟ್ಟರೆ ಕಿರಣಗಳು ಸಮಾಂತರವಾಗಿ ಕಣ್ಣಿಗೆ ಬಂದು, ಮೂರ್ತಿಯು ಬರಿಗಣ್ಣಿಗಿಂತ ಹತ್ತುಪಟ್ಟು ದೊಡ್ಡ ಕೋನದಲ್ಲಿ ಕಾಣುವುದು. ನಳಿಗೆಯ ಉದ್ದ 22 ಅಂಗುಲ.

1609ರಲ್ಲಿ ಗೆಲಿಲಿಯೋ ಆಕಾಶಕ್ಕೆ ತಿರುಗಿಸಿದ ದುರ್ಬೀನಿನಲ್ಲಿ ಕಣ್ಣಿನ ಬಳಿಯದು ನಿಮ್ನಮಸೂರ. ನೋಟ ನೆಟ್ಟಗಿದ್ದರೂ ನಳಿಗೆಯೊಳಗೆ ಸತ್ಯಬಿಂಬವೇ ಇಲ್ಲ. ಎರಡೂ ಪೀನವಾಗಿರಲೆಂದು ಕೆಪ್ಲರನು 1611ರಲ್ಲಿ ಸೂಚಿಸಿದನು. ಇದರ ಬೆಲೆ ತಿಳಿದುದು ಅಳೆಯುವವರಿಗೆ. ಸತ್ಯಬಿಂಬವಿರುವ ಸಮತಲದಲ್ಲಿ ಎರಡು ಸೂಕ್ಷ್ಮವಾದ ಎಳೆಗಳನ್ನು ಅಡ್ಡಲಾಗಿ ಕಟ್ಟಿದರೆ, ದೂರದ ಗುರುತೂ ಎಳೆಗಳೂ ಒಟ್ಟಿಗೇ ಸ್ಪಷ್ಟವಾಗಿ ಕಾಣುವುವು. ಎಳೆಗಳು ಸಂಧಿಸುವಲ್ಲಿ ಗುರುತು ಕೂತೊಡನೆ ಕೋನವನ್ನು ಓದಬಹುದು. ಗೆಲಿಲಿಯೋನ ನಳಿಗೆಯಲ್ಲಿ ಎಳೆ ಕಟ್ಟಲು ಎಡೆಯೇ ಇಲ್ಲ.

ಎಳೆಯು ಬಿಂಬದ ಸಮತಲದಿಂದ ತುಸು ಸರಿದರೂ, ಕಣ್ಣು ಅಲುಗಿದಂತೆ ಗುರುತು ಎಳೆಯಿಂದ ಜಾರುವುದು. ಆ ತಪ್ಪು ತ್ರಿಕೋನದಿಂದ ತ್ರಿಕೋನಕ್ಕೆ ಸಾಗಿ ಭೂಪಟವನ್ನು ಸೇರುವುದು.

ತಲೆಕೆಳಗಾದ ಗೊಮ್ಮಟನನ್ನು ನೆಟ್ಟಗೆ ನಿಲ್ಲಿಸಬೇಕೆ? 2 ಅಂಗುಲ ನಾಭಿದೂರದ ಮೂರನೆಯ ಪೀನಮಸೂರವನ್ನು ಮೊದಲ ಬಿಂಬದಿಂದ 4 ಅಂಗುಲ ಹಿಂದಿಟ್ಟರೆ, ಮತ್ತೆ 4 ಅಂಗುಲದಾಚೆ ಅಷ್ಟೇ ಗಾತ್ರದ ನೆಟ್ಟನೆಯ ಬಿಂಬ ದೊರೆಯುವುದು. ನಳಿಗೆ 30 ಅಂಗುಲವಾಗುವುದು, ಬೆಳಕೂ ತುಸು ಕುಂದುವುದು. ಹಳೆಯ ಮೋಜಣಿದಾರರು ಹೆಚ್ಚಾಗಿ ಇದಕ್ಕೊಪ್ಪದೆ, ಬೆಟ್ಟಗಳನ್ನು ತಲೆಕೆಳಗಾಗಿಯೇ ನೋಡಿ ಅಳೆದರು.